ಕಚ್ಚಿಕೊಂಡ ಕಾರ್ಬ್ಯುರೇಟರ್ ಸ್ಕ್ರೂ: ಎಲ್ಲಿ ಹಿಡಿದಿದೆ, ಹೇಗೆ ಬಿಡಿಸುವುದು

ವರ್ಷಗಟ್ಟಲೆ ನಿಂತಿದ್ದ ಬೈಕನ್ನು ಮತ್ತೆ ಓಡಿಸಬೇಕೆಂದು ಕಾರ್ಬ್ಯುರೇಟರ್ ಬಿಚ್ಚಲು ಕೂತರೆ, ಬಹಳಷ್ಟು ಸಲ ಮೊದಲ ಸ್ಕ್ರೂವಿನಲ್ಲೇ ಕೆಲಸ ನಿಲ್ಲುತ್ತದೆ. ಡ್ರೈವರ್ ಇಟ್ಟು ಜೋರಾಗಿ ತಿರುಗಿಸುತ್ತೀರಿ. ಸ್ಕ್ರೂ ಅಲ್ಲಾಡುವುದಿಲ್ಲ, ಡ್ರೈವರಿನ ತುದಿ ಜಾರಿ ಮೇಲೆ ಬರುತ್ತದೆ. ಪ್ಲಸ್ ಗುಳಿಯ ಅಂಚಿನಲ್ಲಿ ಹೊಳೆಯುವ ಒಂದು ಗೆರೆ ಮೂಡಿರುತ್ತದೆ. ಅದು ಸವೆತದ ಗುರುತು. ಇನ್ನೆರಡು ಸಲ ಹಾಗೇ ಮಾಡಿದರೆ ಪ್ಲಸ್ ಹೋಗಿ ಬರೀ ದುಂಡನೆಯ ಗುಳಿ ಉಳಿಯುತ್ತದೆ.

ಮೊದಲ ಸಲ ಜಾರಿದಾಗಲೇ ಕೈ ನಿಲ್ಲಿಸಿ. ಸ್ಕ್ರೂ ಎಲ್ಲಿ ಹಿಡಿದಿದೆ ಎಂದು ಗೊತ್ತಾಗುವ ತನಕ ಮತ್ತೆ ತಿರುಗಿಸಬೇಡಿ. ಹಿಡಿತ ಮೂರು ಜಾಗಗಳಲ್ಲಿ ಇರಬಹುದು: ತಲೆಯ ಅಡಿಯಲ್ಲಿ, ಥ್ರೆಡ್‌ನಲ್ಲಿ, ಇಲ್ಲವೇ ತುದಿಯಲ್ಲಿ. ತಲೆಯ ಅಡಿಯ ಹಿಡಿತ ಪೆಟ್ಟು ಕೊಟ್ಟರೆ ಬಿಡುತ್ತದೆ. ಥ್ರೆಡ್ಡಿನ ಹಿಡಿತಕ್ಕೆ ಎಣ್ಣೆ ಮತ್ತು ಬಿಸಿ ಬೇಕು. ತುದಿಯಲ್ಲಿ ಅಂಟಿಕೊಂಡ ಸ್ಕ್ರೂವಿಗೆ ಪೆಟ್ಟು ಕೊಟ್ಟರೆ ಕೆಲಸ ಕೆಡುತ್ತದೆ, ಅದಕ್ಕೆ ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸುವುದೇ ಮದ್ದು. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದಾಗಲೇ ತಲೆ ಸವೆಯುವುದು, ಸ್ಕ್ರೂ ಕೂರುವ ತೆಳು ಕಿವಿ ಒಡೆಯುವುದು, ಸ್ಕ್ರೂವಿನ ಸೂಜಿಯಂಥ ತುದಿ ಮುರಿಯುವುದು ಎಲ್ಲ ಆಗುತ್ತದೆ.

ಯಾವುದನ್ನು ಉಳಿಸಬೇಕು ಎನ್ನುವುದನ್ನೂ ಮೊದಲೇ ನಿರ್ಧರಿಸಿಕೊಳ್ಳಿ. ಸ್ಕ್ರೂ ಹೋದರೆ ಇನ್ನೊಂದು ಸಿಗುತ್ತದೆ. ಹಳೆಯ ಮಾದರಿಯ ಬಾಡಿ ಸೀಳಿದರೆ ಅದೇ ಅಳತೆಯದು ಸಿಗುವುದು ಕಷ್ಟ. ಹಾಗಾಗಿ ಎಲ್ಲಿ ಅನುಮಾನ ಬಂದರೂ ಸ್ಕ್ರೂವನ್ನು ಬಲಿಕೊಟ್ಟು ಬಾಡಿಯನ್ನು ಕಾಪಾಡಿ.

ಹಿಡಿದುಕೊಳ್ಳುವುದು ಏಕೆ

ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲೇ ಬೌಲ್. ಅದನ್ನು ಬಾಡಿಗೆ ಬಿಗಿಯುವ ಬೌಲ್ ಸ್ಕ್ರೂಗಳು ಸಾಮಾನ್ಯವಾಗಿ ಸತುವಿನ ಲೇಪ ಕೊಟ್ಟ ಉಕ್ಕಿನವು. ಬಾಡಿ ಅಲ್ಯೂಮಿನಿಯಂ ಎರಕ ಇಲ್ಲವೇ ಸತುವಿನ ಮಿಶ್ರಲೋಹದ ಎರಕ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳು, ಗಾಳಿ-ಪೆಟ್ರೋಲ್ ಹದ ಮಾಡುವ ಮಿಕ್ಸ್ಚರ್ ಸ್ಕ್ರೂ ಹಿತ್ತಾಳೆ. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿರುವಲ್ಲಿ ತೇವ ಸೇರಿದರೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು, ಅವುಗಳಲ್ಲಿ ಹೆಚ್ಚು ಚುರುಕಾದ ಲೋಹ ಸವೆಯುತ್ತದೆ. ಅಲ್ಯೂಮಿನಿಯಂ, ಸತು ಎರಡೂ ಉಕ್ಕಿಗಿಂತ, ಹಿತ್ತಾಳೆಗಿಂತ ಚುರುಕು. ಆದ್ದರಿಂದ ಸವೆಯುವುದು ಬಾಡಿಯ ಕಡೆಯ ಥ್ರೆಡ್. ಹಾಗೆ ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಅದಕ್ಕೆ ಹಿಗ್ಗಲು ಜಾಗವಿಲ್ಲ, ಹಾಗಾಗಿ ಒತ್ತಿ ಗಟ್ಟಿಯಾಗಿ ಕೂರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ. ಅಂಥ ಪೆಟ್ರೋಲ್ ಬೌಲಿನಲ್ಲೇ ಉಳಿದು ಹಳಸಿದ್ದರೆ ಒಳಗಿನ ಭಾಗಗಳ ಸವೆತ ಇನ್ನೂ ಜೋರು.

ನಿಮ್ಮ ಕೈಯಲ್ಲಿರುವುದು ಯಾವ ಲೋಹ ಎನ್ನುವುದು ಬಿಸಿ ಕೊಡುವ ಮೊದಲು ಗೊತ್ತಿರಬೇಕು. ಸತುವಿನ ಮಿಶ್ರಲೋಹ ಅಲ್ಯೂಮಿನಿಯಂನ ಎರಡೂವರೆ ಪಟ್ಟು ತೂಗುತ್ತದೆ. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ಮೀರಿದ ಭಾರ ಅನ್ನಿಸಿದರೆ ಅದು ಸತು. ಹಳೆಯ ಬ್ರಿಟಿಷ್ ಬೈಕುಗಳ ಅಮಾಲ್ ಕಾರ್ಬ್ಯುರೇಟರುಗಳು ಈ ಜಾತಿಯವು. ಸತುವಿನ ಮಿಶ್ರಲೋಹ ಸುಮಾರು 380 ಡಿಗ್ರಿ ಸೆಲ್ಸಿಯಸ್‌ಗೇ ಕರಗಲು ಶುರುವಾಗುತ್ತದೆ, ಅದಕ್ಕಿಂತ ಬಹಳ ಮೊದಲೇ ಬಲ ಕಳೆದುಕೊಳ್ಳುತ್ತದೆ. ಯಾವುದೆಂದು ಗೊತ್ತಾಗದಿದ್ದರೆ ಸತು ಎಂದೇ ತಿಳಿದು ನಡೆಯಿರಿ.

ನೋಡಿ, ಮುಟ್ಟಿ ತಿಳಿಯುವುದು

ಮೊದಲು ಹಳೆಯ ಟೂತ್‌ಬ್ರಷ್ಷಿನಿಂದ ಸ್ಕ್ರೂ ತಲೆಯ ಸುತ್ತ ತಿಕ್ಕಿ ಒಳ್ಳೆಯ ಬೆಳಕಿನಲ್ಲಿ ನೋಡಿ. ಪ್ಲಸ್ ಗುಳಿಯೊಳಗಿನ ಮಣ್ಣು, ಹಳೆಯ ಬಣ್ಣವನ್ನು ಸೂಜಿಯಿಂದ ಕೆದಕಿ ತೆಗೆಯಿರಿ. ಗುಳಿಯ ತಳದಲ್ಲಿ ಅರ್ಧ ಮಿಲಿಮೀಟರ್ ಕೊಳೆ ಕೂತಿದ್ದರೂ ಡ್ರೈವರ್ ಪೂರ್ತಿ ಇಳಿಯುವುದಿಲ್ಲ.

ತಲೆಯ ಸುತ್ತ ಬಿಳಿ ಉಂಗುರ ಕಂಡರೆ ತಲೆಯ ಅಡಿಯಲ್ಲೂ ಥ್ರೆಡ್ಡಿನಲ್ಲೂ ಪುಡಿ ಕೂತಿದೆ ಎಂದು ಲೆಕ್ಕ. ತಲೆ ಮಾತ್ರ ಕೆಂಪಾಗಿ ತುಕ್ಕು ಹಿಡಿದು ಸುತ್ತಲಿನ ಲೋಹ ಚೊಕ್ಕಟವಾಗಿದ್ದರೆ ಹಿಡಿತ ಹೆಚ್ಚಾಗಿ ಮೇಲ್ಭಾಗದಲ್ಲೇ ಇರುತ್ತದೆ. ಕಂದು ಬಣ್ಣದ, ಉಗುರಿಗೆ ಅಂಟುವ ಪದರವಿದ್ದು ಹಳಸಿದ ಪೆಟ್ರೋಲಿನ ವಾಸನೆ ಬಂದರೆ ಅದು ಗೋಂದು. ಜೆಟ್ ಮತ್ತು ಮಿಕ್ಸ್ಚರ್ ಸ್ಕ್ರೂಗಳಿಗೆ ಇದರ ಕಾಟ ಜಾಸ್ತಿ.

ಇನ್ನು ಕೈಗೆ ತಿಳಿಯುವ ಗುರುತುಗಳು. ಸರಿಯಾದ ಡ್ರೈವರ್ ಇಟ್ಟು, ಬಲವಾಗಿ ಒತ್ತಿ, ಹದವಾಗಿ ತಿರುಗಿಸಿ ನೋಡಿ. ಏನೂ ಅಲ್ಲಾಡದೆ ಗೋಡೆಯಂತೆ ನಿಂತರೆ ಹಿಡಿತ ತಲೆಯಲ್ಲಿದೆ, ಅಥವಾ ಪೂರ್ತಿ ಉದ್ದಕ್ಕೂ ಇದೆ. ಸ್ವಲ್ಪ ತಿರುಗಿದಂತಾಗಿ, ಕೈ ಸಡಿಲಿಸಿದೊಡನೆ ತಲೆ ಮೊದಲಿನ ಜಾಗಕ್ಕೇ ವಾಪಸ್ ಬಂದರೆ ಹುಷಾರು. ತಲೆ ಬಿಟ್ಟಿದೆ, ಕೆಳಗಿನ ಥ್ರೆಡ್ ಬಿಟ್ಟಿಲ್ಲ, ನಡುವೆ ಸ್ಕ್ರೂವಿನ ಮೈ ಹೊರಳುತ್ತಿದೆ. ಇನ್ನೊಂದಿಷ್ಟು ಬಲ ಹಾಕಿದರೆ ತಲೆ ಮುರಿದು ಕೈಗೆ ಬರುತ್ತದೆ. ಕಾಲು ಸುತ್ತು ಸಲೀಸಾಗಿ ಬಂದು ಮತ್ತೆ ಬಿಗಿಯಾದರೆ ಥ್ರೆಡ್ಡಿನಲ್ಲಿ ಪುಡಿ ಮುದ್ದೆಗಟ್ಟಿದೆ. ಸುತ್ತುತ್ತಲೇ ಇದ್ದು ಮೇಲೆ ಬರದಿದ್ದರೆ ಬಾಡಿಯ ಥ್ರೆಡ್ ಆಗಲೇ ಕಿತ್ತುಹೋಗಿದೆ. ಆಗ ತಲೆಯ ಅಡಿಗೆ ತೆಳ್ಳನೆಯ ಬ್ಲೇಡ್ ತೂರಿಸಿ ಎತ್ತುತ್ತಾ ತಿರುಗಿಸಿದರೆ ಬರುತ್ತದೆ.

ಅಲ್ಲಾಡದೆ ನಿಂತ ಸ್ಕ್ರೂ ಚಿಕ್ಕದಾಗಿ “ಟಿಕ್” ಎಂದು ಸದ್ದು ಮಾಡಿ ಬಿಟ್ಟರೆ ಅದು ಶುಭ ಸೂಚನೆ, ಪುಡಿಯ ಗಂಟು ಒಡೆದ ಸದ್ದು ಅದು. ಸದ್ದಿಲ್ಲದೆ, ಮೆತ್ತಗೆ ತಿರುಗುತ್ತಾ ಹೋದರೆ ಲೋಹ ಹೊರಳುತ್ತಿರಬಹುದು, ತಕ್ಷಣ ಬಿಡಿ. ಎಷ್ಟೇ ಹತಾರಗಳಿದ್ದರೂ ಈ ಎರಡರ ವ್ಯತ್ಯಾಸ ಬೆರಳಿಗೆ ಗೊತ್ತಾಗುವುದು ಮುಖ್ಯ.

ಡ್ರೈವರ್ ಯಾವುದು

ಜಾರುವ ಡ್ರೈವರ್ ಬಗ್ಗೆ ಬೇಸರ ಪಡುವವರಲ್ಲಿ ಬಹಳ ಮಂದಿಯ ಸ್ಕ್ರೂ ನಿಜವಾಗಿ ಕಚ್ಚಿಕೊಂಡೇ ಇರುವುದಿಲ್ಲ. ಮಿಕುನಿ, ಕೇಹಿನ್ ಮುಂತಾದ ಜಪಾನಿ ಕಾರ್ಬ್ಯುರೇಟರುಗಳ ಪ್ಲಸ್ ಸ್ಕ್ರೂ ನೋಡಲು ಸಾಮಾನ್ಯ ಫಿಲಿಪ್ಸ್ ಸ್ಕ್ರೂವಿನಂತೆಯೇ ಇದ್ದರೂ ಅದು ಜೆಐಎಸ್, ಅಂದರೆ ಜಪಾನಿ ಕೈಗಾರಿಕಾ ಮಾನದಂಡದ ಸ್ಕ್ರೂ. 1930ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಫಿಲಿಪ್ಸ್ ಗುಳಿಯ ಮೂಲೆಗಳು ಜೆಐಎಸ್ ಗುಳಿಯ ಮೂಲೆಗಳಿಗಿಂತ ಹೆಚ್ಚು ದುಂಡು. ಫಿಲಿಪ್ಸ್ ಡ್ರೈವರನ್ನು ಜೆಐಎಸ್ ಗುಳಿಗೆ ಇಟ್ಟರೆ ತಳ ಮುಟ್ಟುವ ಮೊದಲೇ ಮೂಲೆಯಲ್ಲಿ ತಡೆದು ನಿಲ್ಲುತ್ತದೆ. ಹಿಡಿತ ಸಿಗುವುದು ಮೇಲಂಚಿನಲ್ಲಿ ಮಾತ್ರ, ಬಲ ಬಿದ್ದೊಡನೆ ಜಾರುತ್ತದೆ. ಜೆಐಎಸ್ ಡ್ರೈವರ್ ಮಾತ್ರ ಫಿಲಿಪ್ಸ್ ಸ್ಕ್ರೂವಿಗೂ ಚೆನ್ನಾಗಿ ಕೂರುತ್ತದೆ. ಅದನ್ನೇ ತೆಗೆದುಕೊಂಡರೆ ಎರಡಕ್ಕೂ ಆಯಿತು. ಜೆಐಎಸ್ ಸ್ಕ್ರೂವಿನ ತಲೆಯ ಮೇಲೆ ಎಷ್ಟೋ ಸಲ ಒಂದು ಸಣ್ಣ ಚುಕ್ಕಿ ಇರುತ್ತದೆ. ಚುಕ್ಕಿ ಇಲ್ಲವೆಂದ ಮಾತ್ರಕ್ಕೆ ಜೆಐಎಸ್ ಅಲ್ಲ ಎನ್ನುವಂತಿಲ್ಲ.

ಪರೀಕ್ಷೆ ಸುಲಭ. ಕಾರ್ಬ್ಯುರೇಟರನ್ನು ಸ್ಕ್ರೂ ಮೇಲ್ಮುಖವಾಗುವಂತೆ ಇಟ್ಟು, ಗುಳಿಗೆ ಡ್ರೈವರ್ ಇಳಿಸಿ ಕೈ ಬಿಡಿ. ಅಲುಗಾಡದೆ ತಾನೇ ನಿಂತರೆ ಅಳತೆ ಸರಿ. ವಾಲಿದರೆ ಬೇರೆ ತುದಿ ಹಾಕಿ ನೋಡಿ. ಬೌಲಿನ 4, 5 ಮಿಲಿಮೀಟರ್ ಸ್ಕ್ರೂಗಳಿಗೆ 2ನೇ ನಂಬರಿನ ತುದಿ ಬೇಕು. 1ನೇ ನಂಬರ್ ಕೂತಂತೆ ಕಂಡರೂ ಗುಳಿಯನ್ನು ತಿಂದುಹಾಕುತ್ತದೆ. ಗುಳಿ ಆಗಲೇ ಸ್ವಲ್ಪ ಸವೆದಿದ್ದರೆ ತುದಿಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಒಂದಿಷ್ಟು ಸವರಿ. ಅದರ ಹರಳುಗಳು ಹಿಡಿತ ಕೊಡುತ್ತವೆ. ಕೆಲಸ ಮುಗಿದ ಮೇಲೆ ಆ ಪೇಸ್ಟಿನ ಒಂದು ಕಣವೂ ಕಾರ್ಬ್ಯುರೇಟರಿನೊಳಗೆ ಉಳಿಯದಂತೆ ತೊಳೆಯಬೇಕು.

ತಿರುಗಿಸುವ ಬಲಕ್ಕಿಂತ ಒತ್ತುವ ಬಲ ಹೆಚ್ಚಿರಬೇಕು. ಕೈಯಿಂದ ಅಷ್ಟು ಒತ್ತಲಾಗದಿದ್ದರೆ ಬೆಂಚ್ ಡ್ರಿಲ್ಲಿನ ಸಹಾಯ ಪಡೆಯಿರಿ. ಪ್ಲಗ್ ಕಿತ್ತಿಟ್ಟು, ಡ್ರಿಲ್ ಬಿಟ್ ಜಾಗದಲ್ಲಿ ಡ್ರೈವರ್ ಬಿಟ್ ಸಿಕ್ಕಿಸಿ, ಕಾರ್ಬ್ಯುರೇಟರನ್ನು ಮರದ ಹಲಗೆಯ ಮೇಲೆ ನೇರವಾಗಿ ಕೂರಿಸಿ. ಹಿಡಿಕೆ ಎಳೆದು ಬಿಟ್ಟನ್ನು ಗುಳಿಗೆ ಒತ್ತಿ ಹಿಡಿದುಕೊಂಡು ಚಕ್ಕನ್ನು ಕೈಯಿಂದಲೇ ನಿಧಾನ ತಿರುಗಿಸಿ. ಬಿಟ್ ಮೇಲೇಳುವ ದಾರಿಯೇ ಇರುವುದಿಲ್ಲ, ವಾಲುವುದೂ ಇಲ್ಲ. ನನ್ನ ಮಟ್ಟಿಗೆ ಬೌಲ್ ಸ್ಕ್ರೂಗಳಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅರ್ಧ ಸವೆದ ತಲೆಗಳೂ ಇದಕ್ಕೆ ಬಗ್ಗುತ್ತವೆ.

ಎಣ್ಣೆ, ಬಿಸಿ, ಪೆಟ್ಟು

ತುಕ್ಕು ಬಿಡಿಸುವ ಪೆನೆಟ್ರೇಟಿಂಗ್ ಎಣ್ಣೆ ಹಾಕಿ ಐದು ನಿಮಿಷಕ್ಕೇ ತಿರುಗಿಸಿದರೆ ಪ್ರಯೋಜನವಿಲ್ಲ. ತಲೆಯ ಸುತ್ತ ಒಂದೊಂದು ಹನಿ ಬಿಟ್ಟು, ಪಂಚ್ ಇಟ್ಟು ಹಗುರಾಗಿ ತಟ್ಟಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮತ್ತೆ ಹನಿ, ಮತ್ತೆ ತಟ್ಟುವುದು. ಸಂದಿ ಸಣ್ಣದಾದಷ್ಟೂ ಎಣ್ಣೆ ಇಳಿಯಲು ಸಮಯ ಬೇಕು. ಬೌಲ್ ಸ್ಕ್ರೂವಿಗೆ ತಲೆಯ ಕಡೆಯಿಂದಷ್ಟೇ ಅಲ್ಲ, ಬೌಲ್ ಮತ್ತು ಬಾಡಿ ಸೇರುವ ಗೆರೆಯ ಕಡೆಯಿಂದಲೂ ಬಿಡಿ, ಥ್ರೆಡ್ ಶುರುವಾಗುವುದು ಅಲ್ಲಿಂದಲೇ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನನ್ನು ಸಮಸಮ ಬೆರೆಸಿ ಹಾಕುವವರಿದ್ದಾರೆ, ಕೆಲಸ ಮಾಡುತ್ತದೆ. ಅಸಿಟೋನ್ ಬೇಗ ಹಾರಿಹೋಗುತ್ತದೆ, ಬೇಗ ಬೆಂಕಿಯೂ ಹತ್ತುತ್ತದೆ. ಅದನ್ನು ಹಾಕಿದ ಮೇಲೆ ಪೂರ್ತಿ ಒಣಗುವ ತನಕ ಬಿಸಿಯ ಮಾತು ಬೇಡ.

ಆಸಿಡ್, ಕಾಸ್ಟಿಕ್ ಸೋಡಾ, ವಿನೆಗರ್‌ನಲ್ಲಿ ನೆನೆಸುವ ಸಲಹೆಗಳನ್ನು ಕೇಳಬೇಡಿ. ಉಕ್ಕಿನ ತುಕ್ಕಿಗಿಂತ ಮೊದಲು ಅವು ಸತುವನ್ನೂ ಅಲ್ಯೂಮಿನಿಯಂ ಅನ್ನೂ ತಿನ್ನುತ್ತವೆ.

ಬಿಸಿಯ ಲೆಕ್ಕ ಹೀಗಿದೆ. ಒಂದು ಡಿಗ್ರಿ ಬಿಸಿಗೆ ಒಂದು ಮೀಟರ್ ಉಕ್ಕು ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ, ಹಿತ್ತಾಳೆ 19, ಅಲ್ಯೂಮಿನಿಯಂ 23, ಸತುವಿನ ಮಿಶ್ರಲೋಹ 27. 5 ಮಿಲಿಮೀಟರ್ ಉಕ್ಕಿನ ಸ್ಕ್ರೂ ಇರುವ ಅಲ್ಯೂಮಿನಿಯಂ ಬಾಡಿಯನ್ನು 100 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಿದರೆ ತೂತು ಸ್ಕ್ರೂವಿಗಿಂತ ಐದೂವರೆ ಮೈಕ್ರಾನ್ ಹೆಚ್ಚು ಅಗಲವಾಗುತ್ತದೆ. ಸತುವಾದರೆ ಏಳೂವರೆ. ಕೇಳಲು ಏನೂ ಅಲ್ಲ, ಆದರೆ ಗಟ್ಟಿ ಕೂತ ಪುಡಿಯ ಬಂಧ ಬಿರುಕು ಬಿಡಲು, ಆ ಬಿರುಕಿಗೆ ಎಣ್ಣೆ ಇಳಿಯಲು ಅಷ್ಟು ಸಾಕು. ಹಿತ್ತಾಳೆ ಸ್ಕ್ರೂ ಅಲ್ಯೂಮಿನಿಯಂನಲ್ಲಿದ್ದರೆ ವ್ಯತ್ಯಾಸ ಬರೀ ಎರಡು ಮೈಕ್ರಾನ್. ಜೆಟ್‌ಗಳಿಗೆ ಬಿಸಿ ಅಷ್ಟಾಗಿ ಫಲ ಕೊಡದಿರುವುದು ಇದೇ ಕಾರಣಕ್ಕೆ.

ಬಿಸಿ ಕೊಡುವ ಮೊದಲು ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಿ, ಸೋಪಿನ ನೀರಿನಲ್ಲಿ ತೊಳೆದು, ಒಳದಾರಿಗಳಿಗೆಲ್ಲ ಗಾಳಿ ಹಾಯಿಸಿ ಒಣಗಿಸಿ. ಖಾಲಿ ಬೌಲಿನಲ್ಲಿ ಉಳಿದ ಆವಿಯೇ ತುಂಬಿದ ಬೌಲಿಗಿಂತ ಅಪಾಯ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆದ ಭಾಗಕ್ಕೆ ಬಿಸಿ ಕೊಡಲೇಬೇಡಿ, ಅದು ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಬರುತ್ತದೆ. ರಬ್ಬರಿನ ಓ-ರಿಂಗ್, ಪ್ಲಾಸ್ಟಿಕ್ ಫ್ಲೋಟ್, ಡಯಾಫ್ರಾಮ್ ಇವುಗಳಲ್ಲಿ ತೆಗೆಯಲು ಸಾಧ್ಯವಿರುವುದನ್ನೆಲ್ಲ ತೆಗೆದಿಡಿ. ವ್ಯಾಕ್ಯೂಮ್ ಮಾದರಿಯ ಕಾರ್ಬ್ಯುರೇಟರಿನ ಮೇಲ್ಮುಚ್ಚಳದ ಅಡಿಯಲ್ಲೇ ಡಯಾಫ್ರಾಮಿನ ರಬ್ಬರ್ ಅಂಚು ಇರುವುದರಿಂದ ಆ ಸ್ಕ್ರೂಗಳಿಗೆ ಹಾಟ್ ಏರ್ ಗನ್ ತೋರಿಸಬಾರದು. ಅಲ್ಲಿ ಸಾಲ್ಡರಿಂಗ್ ಐರನ್ನಿನ ತುದಿಯನ್ನು ನೇರ ಸ್ಕ್ರೂ ತಲೆಗೆ ಒತ್ತಿ ಸ್ವಲ್ಪವೇ ಕಾಯಿಸಿ.

ಎಲ್ಲಕ್ಕಿಂತ ಸುರಕ್ಷಿತ ಬಿಸಿ ಎಂದರೆ ಕುದಿಯುವ ನೀರು. ಅದು 100 ಡಿಗ್ರಿ ದಾಟುವುದಿಲ್ಲ, ಬಾಡಿ ಪೂರ್ತಿ ಒಂದೇ ಸಮ ಕಾಯುತ್ತದೆ. ಅಡುಗೆಗೆ ಬಳಸದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ, ಇಕ್ಕಳದಿಂದ ಎತ್ತಿ, ದಪ್ಪ ಬಟ್ಟೆಯಲ್ಲಿ ಹಿಡಿದು, ಬಿಸಿ ಇರುವಾಗಲೇ ತಿರುಗಿಸಿ ನೋಡಿ. ಹಾಟ್ ಏರ್ ಗನ್ ಇದ್ದರೆ ಒಂದೇ ಕಡೆ ನಿಲ್ಲಿಸದೆ ಸುತ್ತ ಆಡಿಸುತ್ತಾ ಕಾಯಿಸಿ. ಅದರ ಗಾಳಿ 500 ಡಿಗ್ರಿ ಮೀರಬಲ್ಲದು, ಸತುವಿನ ತೆಳು ಕಿವಿಗೆ ಅದು ತೀರಾ ಹೆಚ್ಚು. ಹಾಕಿದ ನೀರಿನ ಹನಿ ಸುಯ್ಯೆಂದು ಹಾರುವಷ್ಟು ಕಾದರೆ ಸಾಕು. ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಕಾರ್ಬ್ಯುರೇಟರಿನ ಹತ್ತಿರವೇ ತರಬೇಡಿ. ಕಾದ ಸ್ಕ್ರೂವಿನ ತಲೆಯಂಚಿಗೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಇಳಿಯುತ್ತದೆ. ಹಳೆಯ ಉಪಾಯ ಇದು, ನಂಬಬಹುದು. ಕಾಯಿಸುವುದು, ತಣಿಸುವುದು, ಎಣ್ಣೆ ಬಿಡುವುದು, ಮತ್ತೆ ಕಾಯಿಸುವುದು, ಹೀಗೆ ಕೆಲವು ಸುತ್ತು ಮಾಡಿ. ಒಂದೇ ಸಲ ಜಾಸ್ತಿ ಕಾಯಿಸುವುದಕ್ಕಿಂತ ಹಲವು ಸಲ ಹದವಾಗಿ ಕಾಯಿಸುವುದು ಮೇಲು.

ಪೆಟ್ಟಿನ ವಿಷಯಕ್ಕೆ ಬಂದರೆ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಎಂಜಿನ್ ಕವರಿನ ಸ್ಕ್ರೂಗಳಿಗೆ ಹೇಳಿ ಮಾಡಿಸಿದ್ದು. ಕಾರ್ಬ್ಯುರೇಟರಿಗೆ ಅದನ್ನು ಕಡೆಗೆ ಇಟ್ಟುಕೊಳ್ಳಿ. ಬೌಲಿನ ಮೂಲೆಗಳ ಕಿವಿಗಳು ತೆಳು, ಒಳಗೆ ಫ್ಲೋಟಿನ ಪಿನ್ ಹಿಡಿದಿರುವ ಎರಡು ಕಂಬಗಳು ಇನ್ನೂ ತೆಳು, ಅವು ಮುರಿದರೆ ಬಾಡಿಯೇ ಹೋದಂತೆ. ಬಳಸಲೇಬೇಕಾದರೆ ಹೊಡೆಯುವ ಸ್ಕ್ರೂವಿನ ನೇರ ಕೆಳಗೆ ಮರದ ತುಂಡಿನ ಆಧಾರ ಇರಲಿ. ಸಣ್ಣ ಸುತ್ತಿಗೆ ತೆಗೆದುಕೊಳ್ಳಿ. ಡ್ರೈವರ್ ಎಡಕ್ಕೆ ಸೆಟ್ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬರೀ ಪಂಚಿನಿಂದ ತಲೆಯ ಮೇಲೆ ನೇರವಾಗಿ ನಾಲ್ಕಾರು ಚಿಕ್ಕ ಪೆಟ್ಟು ಕೊಡುವುದೇ ಎಷ್ಟೋ ಸಲ ಸಾಕಾಗುತ್ತದೆ.

ಬೌಲ್ ಸ್ಕ್ರೂ ಬಿಚ್ಚುವಾಗ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಪುಡಿಯ ಗಂಟು ಯಾವ ಕಡೆಗೆ ಒಡೆದರೂ ಒಡೆದಂತೆಯೇ. ಬಿಟ್ಟ ಮೇಲೆ ಒಂದೇ ಉಸಿರಿಗೆ ತೆಗೆಯಬೇಡಿ. ಅರ್ಧ ಸುತ್ತು ಬಿಚ್ಚಿ ಕಾಲು ಸುತ್ತು ವಾಪಸ್, ನಡುನಡುವೆ ಎಣ್ಣೆ. ಪುಡಿ ಹೊರಬರಲು ದಾರಿ ಸಿಗದಿದ್ದರೆ ಬಾಡಿಯ ಥ್ರೆಡ್ಡನ್ನೇ ಕೆರೆದುಕೊಂಡು ಬರುತ್ತದೆ.

ತಲೆ ಪೂರ್ತಿ ಸವೆದ ಮೇಲೆ

ಇಲ್ಲಿ ಗಾಬರಿ ಬೇಡ. ಸವೆದ ತಲೆಯ ಬೌಲ್ ಸ್ಕ್ರೂವಿಗೆ ಅತ್ಯಂತ ಖಾತರಿಯ ದಾರಿ ಎಂದರೆ ತಲೆಯನ್ನೇ ತೆಗೆದುಹಾಕುವುದು. ಸ್ಕ್ರೂ ಎಕ್ಸ್‌ಟ್ರಾಕ್ಟರಿನ ಕಡೆ ಕೈ ಚಾಚಬೇಡಿ. 4 ಮಿಲಿಮೀಟರ್ ಸ್ಕ್ರೂವಿಗೆ ಹೊಂದುವ ಎಕ್ಸ್‌ಟ್ರಾಕ್ಟರ್ ಕಡ್ಡಿಯಷ್ಟು ತೆಳು, ಗಟ್ಟಿ ಉಕ್ಕಿನದು, ಒಳಗೇ ಮುರಿದರೆ ಯಾವ ಡ್ರಿಲ್ ಬಿಟ್ಟೂ ಅದನ್ನು ಕೊರೆಯುವುದಿಲ್ಲ.

ಗುಳಿಯ ನಡುಮಧ್ಯ ಸೆಂಟರ್ ಪಂಚ್ ಹಾಕಿ, ಮೊದಲು 2.5 ಮಿಲಿಮೀಟರ್ ಬಿಟ್ಟಿನಿಂದ, ಆಮೇಲೆ ಸ್ಕ್ರೂವಿನ ಅಳತೆಯದೇ ಬಿಟ್ಟಿನಿಂದ, ಅಂದರೆ 4ಕ್ಕೆ 4, 5ಕ್ಕೆ 5, ತಲೆಯ ದಪ್ಪದಷ್ಟು ಮಾತ್ರ ಕೊರೆಯಿರಿ. ಆ ದಪ್ಪ ಸುಮಾರು 3 ಮಿಲಿಮೀಟರ್. ತಲೆ ಮೈಯಿಂದ ಬೇರಾಗಿ ಬಿಟ್ಟಿನ ಜೊತೆ ಸುತ್ತಲು ಶುರುಮಾಡಿದೊಡನೆ ನಿಲ್ಲಿಸಿ. ಎಲ್ಲ ಸ್ಕ್ರೂಗಳ ಕೆಲಸ ಮುಗಿದ ಮೇಲೆ ಬೌಲನ್ನು ಪ್ಲಾಸ್ಟಿಕ್ ಹಿಡಿಕೆಯಿಂದ ಬದಿಗೆ ತಟ್ಟಿ ಎಬ್ಬಿಸಿ. ಗ್ಯಾಸ್ಕೆಟ್ ಅಂಟಿಕೊಂಡಿದೆ ಎಂದು ಸಂದಿಗೆ ಡ್ರೈವರ್ ತೂರಿಸಿ ಮೀಟಿದರೆ ಆ ಗೀರಿನಿಂದ ಮುಂದೆ ಪೆಟ್ರೋಲ್ ಸೋರುತ್ತದೆ.

ಬೌಲ್ ಎತ್ತಿದಾಗ ಸ್ಕ್ರೂವಿನ ಮೋಟು ಬಾಡಿಯಿಂದ ಕೆಲವು ಮಿಲಿಮೀಟರ್ ಹೊರಗೆ ನಿಂತಿರುತ್ತದೆ. ತಲೆ ಹೋದೊಡನೆ ಅದರ ಮೇಲಿದ್ದ ಎಳೆತವೂ ಹೋಗಿರುತ್ತದೆ. ಎಣ್ಣೆ ಬಿಟ್ಟು, ಮೋಟಿಗೆ ಸಾಲ್ಡರಿಂಗ್ ಐರನ್ ತಾಗಿಸಿ ಕಾಯಿಸಿ, ತಣಿದ ಮೇಲೆ ಲಾಕಿಂಗ್ ಪ್ಲೈಯರಿನಿಂದ ಬುಡದ ಹತ್ತಿರ ಹಿಡಿದು ಆ ಕಡೆ ಈ ಕಡೆ ಕೂದಲೆಳೆಯಷ್ಟು ಆಡಿಸಿ. ಅಷ್ಟು ಹೊತ್ತು ಜಗ್ಗದಿದ್ದ ಸ್ಕ್ರೂ ಬೆರಳಿನಲ್ಲೇ ತಿರುಗಿ ಬರುವುದೂ ಉಂಟು.

ಮೋಟು ಮಟ್ಟಸಕ್ಕೆ ಮುರಿದಿದ್ದರೆ ಸಮಯ ಹಿಡಿಯುತ್ತದೆ. ಮುರಿದ ಮೇಲ್ಮೈಯನ್ನು ಸಣ್ಣ ಅರದಿಂದ ಸಮ ಮಾಡಿ, ಸರಿಯಾಗಿ ಮಧ್ಯ ಗುರುತಿಸಿ, ಎಡಗೈ ಡ್ರಿಲ್ ಬಿಟ್ಟಿನಿಂದ, ಅಂದರೆ ಎಡಕ್ಕೆ ಸುತ್ತಿದಾಗ ಕೊರೆಯುವ ಬಿಟ್ಟಿನಿಂದ, ನಿಧಾನ ಕೊರೆಯಿರಿ. ಕೊರೆತದ ಬಿಸಿ ಮತ್ತು ಸೆಳೆತಕ್ಕೇ ಎಷ್ಟೋ ಮೋಟುಗಳು ತಿರುಗಿ ಮೇಲೆ ಬರುತ್ತವೆ. ಬರದಿದ್ದರೆ 4 ಮಿಲಿಮೀಟರ್ (ಎಂ4) ಸ್ಕ್ರೂವಿಗೆ 3.3, 5 ಮಿಲಿಮೀಟರ್ (ಎಂ5) ಸ್ಕ್ರೂವಿಗೆ 4.2 ಮಿಲಿಮೀಟರ್ ತನಕ ಕೊರೆದು, ಉಳಿದ ಥ್ರೆಡ್ಡಿನ ಸಿಪ್ಪೆಯನ್ನು ಚೂಪು ಮೊಳೆಯಿಂದ ಎತ್ತಿ, ಥ್ರೆಡ್ ಕೊರೆಯುವ ಟ್ಯಾಪ್ ಹಾಯಿಸಿ. ತೂತು ಪಕ್ಕಕ್ಕೆ ಸರಿದಿದ್ದರೆ ಹೆಲಿಕಾಯಿಲ್ ಥ್ರೆಡ್, ಅಂದರೆ ತಂತಿ ಸುರುಳಿಯ ಹೊಸ ಥ್ರೆಡ್ ಹಾಕುವುದೊಂದೇ ದಾರಿ, ಅದು ಮೂಲ ಥ್ರೆಡ್ಡಿಗಿಂತ ಗಟ್ಟಿಯೇ. ಅಲ್ಯೂಮಿನಿಯಂ ಬಾಡಿಯಲ್ಲಿ ಮುರಿದ ಉಕ್ಕನ್ನು ಬಿಸಿ ಪಟಿಕದ ನೀರಿನಲ್ಲಿ ಕರಗಿಸುವ ಕ್ರಮವೂ ಇದೆ, ತಾಳ್ಮೆಯಿದ್ದರೆ ಫಲ ಕೊಡುತ್ತದೆ. ಸತುವಿನ ಬಾಡಿಯನ್ನು ಮಾತ್ರ ಆ ನೀರಿಗೆ ಇಳಿಸಬೇಡಿ.

ಮಿಕ್ಸ್ಚರ್ ಸ್ಕ್ರೂ ಮತ್ತು ಜೆಟ್‌ಗಳು

ಮೇಲೆ ಹೇಳಿದ “ಮೊದಲು ಬಿಗಿ ಮಾಡಿ” ಎಂಬ ಮಾತು ಇಲ್ಲಿ ಪೂರ್ತಿ ತಿರುವುಮುರುವು. ಐಡಲ್ ಮಿಕ್ಸ್ಚರ್ ಸ್ಕ್ರೂವಿನ, ಅಂದರೆ ಬೈಕ್ ನಿಂತಲ್ಲೇ ಓಡುವಾಗಿನ ಮಿಶ್ರಣ ಹದ ಮಾಡುವ ಸ್ಕ್ರೂವಿನ, ತುದಿ ಸೂಜಿಯಂತೆ ಚೂಪಾಗಿದ್ದು ಸಣ್ಣ ತೂತಿನೊಳಗೆ ಕೂತಿರುತ್ತದೆ. ಕಚ್ಚಿಕೊಂಡಿರುವಾಗ ಒಳಕ್ಕೆ ತಿರುಗಿಸಿದರೆ ಸೂಜಿ ತೂತಿಗೆ ಬೆಣೆಯಾಗುತ್ತದೆ. ತೂತು ಹಿಗ್ಗಬಹುದು, ಸೂಜಿಯ ತುದಿ ಮುರಿದು ಅಲ್ಲೇ ಉಳಿಯಬಹುದು. ಆಮೇಲೆ ಆ ಬೈಕಿನ ಐಡಲಿಂಗ್ ಯಾವ ಟ್ಯೂನಿಂಗಿಗೂ ನಿಲ್ಲುವುದಿಲ್ಲ. ಸಲೀಸಾಗಿ ತಿರುಗುವ ಸ್ಕ್ರೂ ಆಗಿದ್ದರೆ ಎಷ್ಟು ಸುತ್ತು ತಿರುಗಿಸಿದರೆ ತಳ ಮುಟ್ಟುತ್ತದೆ ಎಂದು ಎಣಿಸಿ ಬರೆದುಕೊಂಡು ಬಿಚ್ಚಬೇಕು. ಕಚ್ಚಿಕೊಂಡಿದ್ದರೆ ಎಣಿಸುವ ಆಸೆ ಬಿಡಿ. ತಲೆ ಅಂಚಿನಿಂದ ಎಷ್ಟು ಆಳದಲ್ಲಿದೆ ಎಂದು ಅಳೆದು ಬರೆದುಕೊಂಡರೆ ಅದೇ ಗುರುತು.

ಎಂಜಿನ್ ಕಡೆ ಇರುವ ಸ್ಕ್ರೂ ಪೆಟ್ರೋಲ್ ಮಿಶ್ರಣದ್ದು, ಏರ್ ಫಿಲ್ಟರ್ ಕಡೆ ಇರುವುದು ಗಾಳಿಯದು. ಪೆಟ್ರೋಲ್ ಕಡೆಯದಕ್ಕೆ ಗೋಂದಿನ ಹಿಡಿತ ಜಾಸ್ತಿ. ಹೊಗೆ ನಿಯಮಗಳು ಬಂದ ನಂತರದ ಬೈಕುಗಳಲ್ಲಿ ಈ ಸ್ಕ್ರೂವಿನ ಮೇಲೆ ಲೋಹದ ಮುಚ್ಚಳ ಬಡಿದಿರುವುದುಂಟು. ಸ್ಕ್ರೂವೇ ಕಾಣುವುದಿಲ್ಲ ಎನ್ನುವವರು ಅದನ್ನು ನೋಡಿ. ಮುಚ್ಚಳಕ್ಕೆ 2 ಮಿಲಿಮೀಟರ್ ತೂತು ಕೊರೆದು, ಸಣ್ಣ ತಗಡಿನ ಸ್ಕ್ರೂ ಎರಡು ಸುತ್ತು ಹಾಕಿ, ಇಕ್ಕಳದಿಂದ ಎಳೆದರೆ ಬರುತ್ತದೆ. ಬಿಟ್ ಮುಚ್ಚಳ ದಾಟಿದೊಡನೆ ಒಳಗೆ ನುಗ್ಗದಂತೆ ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ.

ಮದ್ದು ನೆನೆಸುವುದು. ಕಾರ್ಬ್ಯುರೇಟರ್ ಕ್ಲೀನರ್ ಅಥವಾ ಅಸಿಟೋನನ್ನು ಸ್ಕ್ರೂ ತೂತಿನೊಳಗೆ ತುಂಬಿಸಿ ನಿಲ್ಲಿಸಿ. ಗಾಳಿ ಹಾಯುವ ನಡುದಾರಿಯ, ಅಂದರೆ ವೆಂಚುರಿಯ, ಕಡೆಯಿಂದ ಸೂಜಿ ಇಣುಕುವ ಸಣ್ಣ ರಂಧ್ರಕ್ಕೂ ಬಿಡಿ. ಒಂದೆರಡು ದಿನ ಇದೇ ಕೆಲಸ. ಆಮೇಲೆ ತೊಳೆದು ಒಣಗಿಸಿ, ಕುದಿಯುವ ನೀರಿನ ಬಿಸಿ ಕೊಟ್ಟು, ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿ ತುಂಬುವ ಚಪ್ಪಟೆ ಡ್ರೈವರಿನಿಂದ ಹೊರಕ್ಕೆ ಮಾತ್ರ ತಿರುಗಿಸಿ. ಮಾರುಕಟ್ಟೆಯ ಚಪ್ಪಟೆ ಡ್ರೈವರುಗಳ ತುದಿ ಬೆಣೆಯಾಕಾರ, ಸೀಳಿನ ಮೇಲಂಚನ್ನಷ್ಟೇ ಹಿಡಿಯುತ್ತದೆ, ಮೆತ್ತಗಿನ ಹಿತ್ತಾಳೆ ಕಿತ್ತು ಬರುತ್ತದೆ. ಹಳೆಯ ಡ್ರೈವರೊಂದರ ತುದಿಯ ಎರಡೂ ಮುಖಗಳು ಸಮಾನಾಂತರವಾಗುವಂತೆ ಸಾಣೆ ಹಿಡಿದು ಇದಕ್ಕೆಂದೇ ಇಟ್ಟುಕೊಳ್ಳಿ. ಆಳದಲ್ಲಿರುವ ಪೈಲಟ್ ಜೆಟ್ಟಿಗೂ ಅದೇ ಬೇಕು. ಪೈಲಟ್ ಜೆಟ್ಟಿನ ಮೇಲೆ ಕೆಲವು ಮಾದರಿಗಳಲ್ಲಿ ರಬ್ಬರ್ ಬಿರಡೆ ಇರುತ್ತದೆ, ಅದನ್ನು ಮೊದಲು ತೆಗೆಯಿರಿ.

ಸೂಜಿಯ ತುದಿ ಆಗಲೇ ಮುರಿದು ಉಳಿದಿದ್ದರೆ ಸ್ಕ್ರೂವಿನ ಕಡೆಯಿಂದ ಕೊರೆಯಬೇಡಿ. ವೆಂಚುರಿಯೊಳಗಿನ ಆ ರಂಧ್ರದಲ್ಲಿ ಹಿತ್ತಾಳೆಯ ಚುಕ್ಕಿ ಕಾಣುತ್ತದೆ. ಸಣ್ಣ ಡ್ರಿಲ್ ಬಿಟ್ಟಿನ ನುಣುಪು ಬುಡವನ್ನು ಅದಕ್ಕೆ ಇಟ್ಟು ಹಗುರಾಗಿ ತಟ್ಟಿದರೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ಸ್ಕ್ರೂ ಹೊರಬಂದ ಮೇಲೆ ಸ್ಪ್ರಿಂಗ್, ವಾಷರ್, ಓ-ರಿಂಗ್ ಮೂರೂ ಬಂದಿವೆಯೇ ನೋಡಿ. ಓ-ರಿಂಗ್ ಹೆಚ್ಚಾಗಿ ತಳದಲ್ಲೇ ಅಂಟಿಕೊಂಡಿರುತ್ತದೆ. ತುದಿ ಬಗ್ಗಿಸಿದ ತಂತಿಯಿಂದ, ಗೋಡೆ ಗೀಚದಂತೆ, ಎಳೆಯಿರಿ.

ಥ್ರಾಟಲ್ ಪ್ಲೇಟಿನ ಎರಡು ಪುಟ್ಟ ಸ್ಕ್ರೂಗಳನ್ನು ಕಾರಣವಿಲ್ಲದೆ ಮುಟ್ಟಬೇಡಿ. ಬಿಚ್ಚಿ ಎಂಜಿನೊಳಗೆ ಬೀಳದಿರಲೆಂದು ಕಾರ್ಖಾನೆಯಲ್ಲೇ ಅವುಗಳ ಹಿಂತುದಿಯನ್ನು ಬಡಿದು ಅಗಲ ಮಾಡಿರುತ್ತಾರೆ. ಅದು ಜಾಮ್ ಅಲ್ಲ. ಶಾಫ್ಟಿನ ಪಕ್ಕದಿಂದ ಗಾಳಿ ಸೋರುತ್ತಿದ್ದು ತೆಗೆಯಲೇಬೇಕಾದರೆ, ಅಗಲವಾದ ತುದಿಯನ್ನು ಸಣ್ಣ ಅರದಿಂದ ತೆಗೆದ ಮೇಲೆಯೇ ತಿರುಗಿಸಿ. ಮತ್ತೆ ಹಾಕುವಾಗ ಹೊಸ ಸ್ಕ್ರೂ, ಥ್ರೆಡ್ ಲಾಕರ್ ಎರಡೂ ಕಡ್ಡಾಯ.

ಮತ್ತೆ ಹಾಕುವಾಗ

ಬಾಡಿಯ ಥ್ರೆಡ್ಡುಗಳಿಗೆ ಕೈಯಿಂದ ಟ್ಯಾಪ್ ಹಾಯಿಸಿ ಪುಡಿ ತೆಗೆಯಿರಿ. ಹೊಸ ಸ್ಕ್ರೂವಿನ ಉದ್ದ ಹಳೆಯದಷ್ಟೇ ಇರಬೇಕು. ಉದ್ದ ಹೆಚ್ಚಾದರೆ ತಳಕ್ಕೆ ತಾಗಿ ನಿಲ್ಲುತ್ತದೆ, ಕೈಗೆ ಬಿಗಿ ಅನ್ನಿಸಿದರೂ ಬೌಲ್ ಸಡಿಲವಾಗಿಯೇ ಇರುತ್ತದೆ. ಸ್ಟೇನ್‌ಲೆಸ್ ಅಲೆನ್ ಸ್ಕ್ರೂ ಹಾಕುವವರು ಬಹಳ. ನೋಡಲು ಚೆಂದ, ಗುಳಿ ಸವೆಯುವುದಿಲ್ಲ. ಆದರೆ ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಜೋಡಿ ತೇವದಲ್ಲಿ ಸಾದಾ ಉಕ್ಕಿಗಿಂತ ಕೆಟ್ಟದಾಗಿ ಕಚ್ಚಿಕೊಳ್ಳಬಲ್ಲದು, ಗ್ರೀಸ್ ಸವರದೆ ಹಾಕಲೇಬಾರದು. ಅಲೆನ್ ಕೀಲಿಯ ಉದ್ದನೆಯ ಕೈಯಿಂದ ಅರಿವಿಲ್ಲದೆ ಬಿಗಿ ಜಾಸ್ತಿಯಾಗುವ ಅಪಾಯವೂ ಇದೆ. ನಾನು ಸತುವಿನ ಲೇಪದ ಉಕ್ಕಿನ ಸ್ಕ್ರೂಗಳನ್ನೇ ಇಷ್ಟಪಡುತ್ತೇನೆ. ಥ್ರೆಡ್ಡಿಗೆ ಗ್ರೀಸ್ ಬೆರಳ ತುದಿಯಷ್ಟು ಸಾಕು. ಜೆಟ್, ಮಿಕ್ಸ್ಚರ್ ಸ್ಕ್ರೂಗಳಿಗೆ ಗ್ರೀಸ್ ಬೇಡ.

4 ಮಿಲಿಮೀಟರ್ ಬೌಲ್ ಸ್ಕ್ರೂವಿಗೆ ಸುಮಾರು 2 ನ್ಯೂಟನ್ ಮೀಟರ್ ಬಿಗಿ ಸಾಕು. ಅಂದರೆ ಗಿಡ್ಡ ಹಿಡಿಕೆಯ ಡ್ರೈವರನ್ನು ಬೆರಳುಗಳಲ್ಲಿ ಹಿಡಿದು ಬಿಗಿ ಮಾಡಿದಷ್ಟು. ಒಂದನ್ನೇ ಪೂರ್ತಿ ಬಿಗಿ ಮಾಡದೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಜೋಡಿಸಿದ ಕಾರ್ಬ್ಯುರೇಟರನ್ನು ಬೈಕಿಗೆ ಕಟ್ಟುವ ಮೊದಲು ಬೌಲಿಗೆ ಪೆಟ್ರೋಲ್ ಬಿಟ್ಟು, ಬಯಲಲ್ಲಿ ಒಣ ಕಾಗದದ ಮೇಲೆ ಒಂದಷ್ಟು ಹೊತ್ತು ಇಟ್ಟು ನೋಡಿ. ಹೊಸ ಗ್ಯಾಸ್ಕೆಟ್ ಎಂಜಿನಿನ ಬಿಸಿಗೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಬೈಕ್ ಕೆಲವು ಸಲ ಕಾದು ತಣಿದ ಮೇಲೆ ಅದೇ ಗಿಡ್ಡ ಡ್ರೈವರಿನಿಂದ ಬೌಲ್ ಸ್ಕ್ರೂಗಳನ್ನು ಇನ್ನೊಂದು ಸುತ್ತು ಪರೀಕ್ಷಿಸಿ.